‘ಫೇಡ್’ ಮತ್ತು ‘ಫೇಲ್’: ಕಾದ ಬ್ರೇಕಿಗೆ ಕನ್ನಡದಲ್ಲಿ ಯಾವ ಕ್ರಿಯಾಪದ?

ಹಳೆಯ ಸ್ಪೋರ್ಟ್ಸ್ ಕಾರನ್ನು ರಸ್ತೆಯಲ್ಲಿಯೂ ಟ್ರ್ಯಾಕಿನಲ್ಲಿಯೂ ಓಡಿಸುವವರಿಗಾಗಿ ಅದರ ಆರೈಕೆ ಮತ್ತು ರಿಪೇರಿಯನ್ನು ಕುರಿತ ಒಂದು ಕೈಪಿಡಿಯನ್ನು ಬರೆಯುತ್ತಿದ್ದೇನೆ. ಎಂಜಿನ್, ಗೇರ್‌ಬಾಕ್ಸ್, ಸಸ್ಪೆನ್ಷನ್ ಅಧ್ಯಾಯಗಳು ಹೆಚ್ಚು ತಕರಾರಿಲ್ಲದೆ ಮುಗಿದವು. ಬ್ರೇಕಿನ ಅಧ್ಯಾಯ ಮಾತ್ರ ಒಂದೇ ಪದದ ಬಳಿ ನಿಂತುಬಿಟ್ಟಿದೆ. ಬ್ರೇಕನ್ನು ಬಿಡುವಿಲ್ಲದೆ ಒತ್ತಿ ಒತ್ತಿ ಅದು ವಿಪರೀತ ಕಾದಾಗ ಅದರ ಬಲ ತಾತ್ಕಾಲಿಕವಾಗಿ ಕಡಿಮೆಯಾಗುವುದನ್ನು ಈ ಹವ್ಯಾಸದವರೆಲ್ಲ ‘ಫೇಡ್’ ಎನ್ನುತ್ತಾರೆ. ಇದನ್ನು ಕನ್ನಡದಲ್ಲಿ ಹೇಗೆ ಹೇಳಬೇಕು ಎಂಬುದೇ ನನ್ನ ಪ್ರಶ್ನೆ.

ಎರವಲು ಪದವನ್ನು ಹಾಗೆಯೇ ಇಟ್ಟುಕೊಳ್ಳಲು ನನಗೆ ತಾತ್ತ್ವಿಕ ವಿರೋಧವೇನೂ ಇಲ್ಲ. ಡಿಸ್ಕ್ (ಚಕ್ರದೊಡನೆ ತಿರುಗುವ ತಟ್ಟೆ), ಪ್ಯಾಡ್ (ಅದನ್ನು ಉಜ್ಜಿ ನಿಲ್ಲಿಸುವ ಬಿಲ್ಲೆ), ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಎಲ್ಲವನ್ನೂ ಹಾಗೆಯೇ ಬಳಸಿದ್ದೇನೆ. ಟ್ರ್ಯಾಕನ್ನು ‘ಹಳಿ’ ಎಂದು ಬರೆದರೆ ಓದುಗರ ಕಣ್ಣ ಮುಂದೆ ರೈಲು ಬಂದು ನಿಲ್ಲುವುದರಿಂದ ಅದನ್ನೂ ಮುಟ್ಟಿಲ್ಲ. ಆದರೆ ‘ಫೇಡ್’ ಎಂಬುದರ ತೊಡಕು ಬೇರೆ. ‘ಬ್ರೇಕ್ ಫೇಲ್’ ಎಂಬುದು ನಮ್ಮ ಮಾತಿನಲ್ಲಿ ಆಗಲೇ ಬೇರೂರಿದೆ, ಮತ್ತು ಎರಡರ ನಡುವೆ ಇರುವುದು ಒಂದೇ ಅಕ್ಷರದ ಅಂತರ. ಗದ್ದಲದಲ್ಲಿ ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ತಪ್ಪಾಗಿ ಕೇಳಿಸಿಕೊಳ್ಳುವುದು ಸುಲಭ. ಎರಡಕ್ಕೂ ಮಾಡಬೇಕಾದ ಉಪಾಯ ಮಾತ್ರ ಒಂದೇ ಅಲ್ಲ. ಫೇಲ್ ಆದ ಬ್ರೇಕಿನ ಕಾರನ್ನು ಇನ್ನೊಂದು ಗಜವೂ ಓಡಿಸಬಾರದು. ಕಾದು ಬಲಗುಂದಿದ ಬ್ರೇಕಾದರೋ, ಒಂದೆರಡು ಸುತ್ತು ನಿಧಾನವಾಗಿ ಓಡಿಸಿ ಆರಲು ಬಿಟ್ಟರೆ ಬಹುಮಟ್ಟಿಗೆ ಮರಳಿ ಹಿಡಿಯುತ್ತದೆ.

ರಸ್ತೆಯಲ್ಲಷ್ಟೇ ಓಡಿಸುವವರಿಗೆ ಈ ಅನುಭವ ಅಪರೂಪವಾದುದರಿಂದಲೇ ಇದಕ್ಕೆ ಪದ ಹುಟ್ಟಿಲ್ಲವೇನೋ. ಗಂಟೆಗೆ 60 ಕಿಲೋಮೀಟರ್ ವೇಗದಿಂದ ಪೂರ್ತಿ ನಿಲ್ಲಿಸುವಾಗ ಹುಟ್ಟುವ ಶಾಖಕ್ಕಿಂತ 120ರಿಂದ 60ಕ್ಕೆ ಇಳಿಸುವಾಗ ಹುಟ್ಟುವ ಶಾಖ ಮೂರು ಪಟ್ಟು ಹೆಚ್ಚು, ಏಕೆಂದರೆ ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಟ್ರ್ಯಾಕಿನಲ್ಲಿ ಪ್ರತಿ ಸುತ್ತಿನಲ್ಲಿಯೂ ಹಲವು ತಿರುವುಗಳ ಮುಂದೆ ಹೀಗೆ ಮಾಡಬೇಕು, ನಡುವೆ ಆರಲು ಪುರುಸೊತ್ತಿಲ್ಲ. ಹಳೆಯ ಕಾರುಗಳಲ್ಲಿ ಡಿಸ್ಕಿನ ನಡುವೆ ಗಾಳಿಯಾಡುವ ಕಿಂಡಿಗಳೂ ಇಲ್ಲದಿರುವುದು ಸಾಮಾನ್ಯ.

ನನ್ನ ಮೊದಲ ಕರಡಿನಲ್ಲಿ ನಿಘಂಟಿನ ಮಾರ್ಗ ಹಿಡಿದಿದ್ದೆ. ‘ಮಾಸು’ ಎಂದು ಬರೆದರೆ ಅದು ಬಟ್ಟೆಗೂ ಬಣ್ಣಕ್ಕೂ ಸೇರಿದ್ದು. ಇಲ್ಲಿ ಮಾಸಿದ್ದೇನೂ ಇಲ್ಲ. ‘ಮಂಕಾಗು’ ದೀಪಕ್ಕೆ ಒಪ್ಪುತ್ತದೆ. ‘ಸೊರಗು’ ಎಂಬುದರಲ್ಲಿ ದಿನಗಟ್ಟಲೆಯ ಕ್ಷೀಣತೆ ಇದೆ, ಐದು ನಿಮಿಷದ್ದಲ್ಲ. ‘ಕುಂದು’ ಅರ್ಥದ ದೃಷ್ಟಿಯಿಂದ ಹತ್ತಿರವೇ, ಮೇಲೆ ನಾನೇ ‘ಬಲಗುಂದಿದ’ ಎಂದೂ ಬರೆದಿದ್ದೇನೆ. ಆದರೆ ‘ಬ್ರೇಕಿನ ಕುಂದು’ ಎಂದು ನಾಮಪದವಾಗಿಸಿದೊಡನೆ ಅದು ‘ಕುಂದುಕೊರತೆ’ಯ ಕುಂದಾಗಿ, ತಯಾರಿಕೆಯಲ್ಲಿಯೇ ಇರುವ ದೋಷ ಎಂಬ ಅರ್ಥ ಬರುತ್ತದೆ.

ಆಮೇಲೆ ಹೊಳೆದದ್ದು ‘ಸೋಲು’. ‘ನಡೆದು ನಡೆದು ಕಾಲು ಸೋತವು’ ಎಂದಾಗ ಕಾಲು ಮುರಿದಿದೆ ಎಂದು ಯಾರೂ ತಿಳಿಯುವುದಿಲ್ಲ. ಕೂತು ಸುಧಾರಿಸಿಕೊಂಡರೆ ಮತ್ತೆ ನಡೆಯಬಹುದು ಎಂಬ ಭರವಸೆ ಆ ಮಾತಿನೊಳಗೇ ಇದೆ. ಶ್ರಮದಿಂದ ಬಂದ, ವಿಶ್ರಾಂತಿಯಿಂದ ಹೋಗುವ ನಿಶ್ಶಕ್ತಿಗೆ ಇದಕ್ಕಿಂತ ಒಪ್ಪುವ ಕ್ರಿಯಾಪದ ನನಗೆ ಕಾಣುತ್ತಿಲ್ಲ. ಆದರೆ ಸಮಾಸ ಮಾಡಹೊರಟಾಗ ಎಡವಿದೆ. ‘ಕಾವುಸೋಲು’ ಎಂದು ಬರೆದು ಒಂದು ವಾರ ಖುಷಿಪಟ್ಟ ಮೇಲೆ ಗೊತ್ತಾಯಿತು, ‘ಮನಸೋಲು’ ಎಂಬಲ್ಲಿ ಸೋಲುವುದು ಮನಸ್ಸೇ ಆಗಿರುವುದರಿಂದ, ಅದೇ ಜಾಡಿನಲ್ಲಿ ಓದುವವರಿಗೆ ‘ಕಾವುಸೋಲು’ ಎಂದರೆ ಕಾವೇ ಸೋತಿತು, ಅಂದರೆ ಬ್ರೇಕ್ ತಣ್ಣಗಾಯಿತು ಎಂಬ ತದ್ವಿರುದ್ಧ ಅರ್ಥ ಹೊರಡುತ್ತದೆ. ಆದ್ದರಿಂದ ಈಗ ‘ಹಿಡಿತ ಸೋಲು’ ಎಂಬುದಕ್ಕೆ ಬಂದು ನಿಂತಿದ್ದೇನೆ. ‘ಬ್ರೇಕ್ ಹಿಡಿಯುತ್ತಿಲ್ಲ’ ಎಂದು ಎಲ್ಲರೂ ಆಡುವ ಮಾತಿಗೂ ಇದು ಹೊಂದುತ್ತದೆ.

ತೊಡಕು ಇಲ್ಲಿಗೇ ಮುಗಿದಿದ್ದರೆ ನಿಮ್ಮನ್ನು ಕೇಳುತ್ತಿರಲಿಲ್ಲ. ‘ಫೇಡ್’ ಎಂಬ ಒಂದೇ ಪದದ ಕೆಳಗೆ ಕಾಲಿಗೆ ಬೇರೆಬೇರೆಯಾಗಿ ತಿಳಿಯುವ ಸಂಗತಿಗಳು ಸೇರಿಕೊಂಡಿವೆ. ಮೊದಲನೆಯದು ಪ್ಯಾಡಿನದು. ಪ್ಯಾಡಿನೊಳಗಿನ ಅಂಟುರಾಳ ಮಿತಿಮೀರಿ ಕಾದು ಅನಿಲ ಬಿಡುತ್ತದೆ, ಪ್ಯಾಡಿಗೂ ಡಿಸ್ಕಿಗೂ ನಡುವಿನ ಘರ್ಷಣೆ ತಗ್ಗುತ್ತದೆ. ಆಗ ಪೆಡಲ್ ಕಲ್ಲಿನಂತೆ ಗಟ್ಟಿಯಾಗಿಯೇ ಇರುತ್ತದೆ, ಕಾರು ಮಾತ್ರ ನಿಲ್ಲುವುದಿಲ್ಲ. ಎರಡನೆಯದು ದ್ರವದ್ದು. ಪೆಡಲಿನ ಒತ್ತಡವನ್ನು ಪ್ಯಾಡಿಗೆ ಮುಟ್ಟಿಸುವ ಬ್ರೇಕ್ ದ್ರವ ಕುದಿದು ಆವಿಯ ಗುಳ್ಳೆಗಳು ಹುಟ್ಟಿದರೆ, ಆವಿಯನ್ನು ಒತ್ತಿ ಕುಗ್ಗಿಸಬಹುದಾದುದರಿಂದ, ಪೆಡಲ್ ಕೆಸರಿನಲ್ಲಿ ಕಾಲಿಟ್ಟಂತೆ ಕೆಳಗೆ ಹೋಗುತ್ತದೆ. ಹಳೆಯ ಕಾರಿನಲ್ಲಿ ವರ್ಷಗಟ್ಟಲೆ ಬದಲಿಸದ ದ್ರವವೇ ಇದಕ್ಕೆ ಮುಖ್ಯ ಕಾರಣ: ‘ಡಾಟ್ 4’ ಎಂಬ ದರ್ಜೆಯ ಹೊಸ ದ್ರವದ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬ ನಿಯಮವಿದ್ದರೆ, ಅದು ತೇವ ಹೀರಿದ ಮೇಲೆ ಇರಬೇಕಾದ ಕನಿಷ್ಠ ಮಿತಿ 155 ಮಾತ್ರ. (ಗ್ಯಾರೇಜುಗಳಲ್ಲಿ ಇದನ್ನು ‘ಬ್ರೇಕ್ ಆಯಿಲ್’ ಎನ್ನುತ್ತಾರೆ. ರೂಢಿಯ ಮಾತನ್ನು ಗೌರವಿಸುವ ನಾನೂ ಇಲ್ಲಿ ಅದನ್ನು ಬಿಟ್ಟು ‘ಬ್ರೇಕ್ ದ್ರವ’ ಎಂದೇ ಬರೆದಿದ್ದೇನೆ. ಆ ಹೆಸರನ್ನು ನಂಬಿ ನಿಜವಾದ ಎಂಜಿನ್ ಆಯಿಲ್ ಸುರಿದರೆ ರಬ್ಬರ್ ಸೀಲುಗಳು ಉಬ್ಬಿ ಹಾಳಾಗುತ್ತವೆ.)

ಈ ಎರಡನೆಯದಕ್ಕೆ ‘ಹಿಡಿತ ಸೋಲು’ ಒಪ್ಪುವುದಿಲ್ಲ, ಏಕೆಂದರೆ ಅಲ್ಲಿ ಪ್ಯಾಡಿನ ಹಿಡಿತ ಸೋತಿಲ್ಲ. ಕಾಲಿನ ಒತ್ತಡ ಪ್ಯಾಡನ್ನು ತಲುಪುತ್ತಲೇ ಇಲ್ಲ. ಅದೂ ಅಲ್ಲದೆ, ಆರಿದ ಮೇಲೆ ಪೆಡಲ್ ಗಟ್ಟಿಯಾದಂತೆ ಕಂಡರೂ ಒಮ್ಮೆ ಕುದಿದ ದ್ರವವನ್ನು ಬದಲಿಸಿ ಗಾಳಿ ತೆಗೆಯದೆ ಮತ್ತೆ ಟ್ರ್ಯಾಕಿಗೆ ಇಳಿಯುವುದು ಸಲ್ಲದು; ಕಾಲು ಸೋತವರು ಸುಧಾರಿಸಿಕೊಳ್ಳುವ ಹೋಲಿಕೆ ಇಲ್ಲಿ ಅಪಾಯಕಾರಿಯೇ ಆಗುತ್ತದೆ. ಇದಕ್ಕೆ ‘ಪೆಡಲ್ ಕುಸಿತ’ ಎಂದು ಬರೆದಿದ್ದೇನೆ. ‘ಇಳಿತ’ ಎನ್ನಲಿಲ್ಲ, ಒತ್ತಿದಾಗ ಪೆಡಲ್ ಯಾವಾಗಲೂ ಇಳಿಯುವುದೇ ತಾನೆ. ‘ಕುಸಿ’ ಎಂಬಲ್ಲಿ ಅಡಿಯ ಆಧಾರವೇ ತಪ್ಪಿತು ಎಂಬ ಸೂಚನೆ ಇದೆ.

ಆದರೆ ಡ್ರಮ್ ಬ್ರೇಕು ಈ ವಿಂಗಡಣೆಯನ್ನೂ ಕೆಡಿಸುತ್ತದೆ. ಅದರಲ್ಲಿ ಚಕ್ರದೊಡನೆ ತಿರುಗುವ ಡ್ರಮ್ಮಿನ ಒಳಮೈಯನ್ನು ‘ಶೂ’ ಎಂಬ ಬಾಗಿದ ಪಟ್ಟಿಗಳು ಒತ್ತಿ ನಿಲ್ಲಿಸುತ್ತವೆ; ಕಾದ ಡ್ರಮ್ ಹಿಗ್ಗಿ ಶೂಗಳಿಂದ ದೂರ ಸರಿಯುವುದರಿಂದ ಪೆಡಲ್ ಹೆಚ್ಚು ದೂರ ಹೋಗಬೇಕಾಗುತ್ತದೆ. ದ್ರವ ಕುದಿಯದೆಯೂ ಕುಸಿತದ ಅನುಭವ ಆಗುತ್ತದೆ. 1953ರಲ್ಲಿ ಲೆ ಮಾನ್ 24 ಗಂಟೆಗಳ ಸ್ಪರ್ಧೆಯನ್ನು ಜಾಗ್ವಾರ್ ಸಿ-ಟೈಪ್ ಗೆದ್ದಾಗ ಅದರ ಡಿಸ್ಕ್ ಬ್ರೇಕುಗಳಿಗೆ ಅಷ್ಟೊಂದು ಹೆಸರು ಬಂದದ್ದು ಡ್ರಮ್ಮಿನ ಇಂಥ ದೌರ್ಬಲ್ಯದಿಂದಲೇ. 1962ರಲ್ಲಿ ಬಂದ ಎಂಜಿಬಿಯಂಥ ಕಾರಿನಲ್ಲಿ ಮುಂದೆ ಡಿಸ್ಕ್, ಹಿಂದೆ ಡ್ರಮ್ ಇರುವುದರಿಂದ ಎರಡೂ ಬಗೆಯ ತೊಂದರೆಗಳು ಒಂದೇ ಪೆಡಲಿನಲ್ಲಿ ಕಾಣಿಸಿಕೊಳ್ಳಬಹುದು.

ಆದ್ದರಿಂದ ಕೇಳುವುದಿಷ್ಟು. ಓಡಿಸುವವರ ಕಾಲಿಗೆ ತಿಳಿಯುವ ಲಕ್ಷಣದಿಂದ ಹೆಸರಿಡುವುದಾದರೆ ‘ಹಿಡಿತ ಸೋಲು’, ‘ಪೆಡಲ್ ಕುಸಿತ’ ಎಂಬ ಎರಡು ಸಾಕು. ರಿಪೇರಿ ಮಾಡುವವರಿಗೆ ಬೇಕಾದ ಕಾರಣದಿಂದ ಹೆಸರಿಡುವುದಾದರೆ ಪ್ಯಾಡಿನ ಸೋಲು, ದ್ರವದ ಕುದಿ, ಡ್ರಮ್ಮಿನ ಹಿಗ್ಗು ಎಂದು ಮೂರು ಬೇಕು. ಒಂದೇ ಕೈಪಿಡಿಯಲ್ಲಿ ಎರಡೂ ಬಗೆಯ ಹೆಸರುಗಳು ಬಂದರೆ ಓದುಗರು ಗೊಂದಲಗೊಳ್ಳುವರೇ? ‘ಹಿಡಿತ ಸೋಲು’ ಎಂಬುದರ ನಾಮಪದವನ್ನು ‘ಹಿಡಿತಸೋಲು’ ಎಂದು ಕೂಡಿಸಿ ಬರೆಯುವುದು ಸರಿಯೇ, ಅಥವಾ ‘ಹಿಡಿತದ ಸೋಲು’ ಎಂದು ಬಿಡಿಸಿದರೆ ಅದು ಮತ್ತೆ ‘ಫೇಲ್’ನ ಕಡೆಗೇ ವಾಲುತ್ತದೆಯೇ? ಬ್ರೇಕ್ ಕೆಲಸ ಮಾಡುವವರ ಬಾಯಲ್ಲಿ ಇದಕ್ಕೆ ಬೇರೆ ಮಾತನ್ನು ಕೇಳಿದವರಿದ್ದರೆ, ಅದನ್ನು ಯಾವ ವಾಕ್ಯದಲ್ಲಿ ಬಳಸಿದರು ಎಂಬುದನ್ನೂ ದಯವಿಟ್ಟು ತಿಳಿಸಬೇಕಾಗಿ ಕೋರುತ್ತೇನೆ.