ಪ್ಲೂಮ್, ಸ್ಮಿಯರ್ ಝೋನ್: ನಮ್ಮ ಕಡೆಯ ಮಾತಿನಲ್ಲಿ ಏನನ್ನೋಣ?

ಗೆಳೆಯರೆ,

ಮೂರು ಪದಗಳಿಗೆ ಕನ್ನಡ ಬೇಕಾಗಿದೆ: ಫ್ರೀ ಪ್ರಾಡಕ್ಟ್, ಪ್ಲೂಮ್, ಸ್ಮಿಯರ್ ಝೋನ್. ಹುಬ್ಬಳ್ಳಿಯಲ್ಲಿ ಮುಚ್ಚಿಹೋದ ಪೆಟ್ರೋಲ್ ಪಂಪೊಂದರ ಜಾಗದಲ್ಲಿ ಮಣ್ಣು ಮತ್ತು ಅಂತರ್ಜಲದ ಪರೀಕ್ಷೆ ನಡೆಯಲಿದೆ. ಸುತ್ತಲಿನ ಮನೆಗಳಿಗೆ ಹಂಚುವ ತಿಳಿವಳಿಕೆ ಪತ್ರವನ್ನು ಕನ್ನಡದಲ್ಲಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಓದುವವರು ಬಾವಿ, ಬೋರು ಇಟ್ಟುಕೊಂಡವರು, ಎಂಜಿನಿಯರುಗಳಲ್ಲ. ಕಲುಷಿತ ಜಾಗಗಳ ನಿರ್ವಹಣೆಗೆಂದೇ ಕೇಂದ್ರ ಸರ್ಕಾರ 2025ರ ಜುಲೈನಲ್ಲಿ ನಿಯಮ ಹೊರಡಿಸಿದೆ. ಇಂಥ ಪತ್ರಗಳು ಇನ್ನಷ್ಟು ಬಂದಾವು, ಪದಗಳನ್ನು ಈಗಲೇ ಹದ ಮಾಡಿಟ್ಟುಕೊಳ್ಳುವುದು ಮೇಲು.

ಮುಚ್ಚಿಹೋದ ಪಂಪಿಗೆ ‘ಮಾಜಿ ಪಂಪು’ ಎಂದು ಯಾರೋ ಸೂಚಿಸಿದರು. ಮಾಜಿ ಅಂದ ಕೂಡಲೇ ಶಾಸಕರು ಕಣ್ಮುಂದೆ ಬರುತ್ತಾರೆ. ‘ಹಳೆ ಪಂಪಿನ ಜಾಗ’ ಎಂದು ಬರೆದು ಮುಂದೆ ಹೋದೆ.

ಫ್ರೀ ಪ್ರಾಡಕ್ಟಿಗೆ ನಿಘಂಟು ಹಿಡಿದು ಹೊರಟರೆ ‘ಮುಕ್ತ ಉತ್ಪನ್ನ’ ಸಿಗುತ್ತದೆ. ಯಂತ್ರಾನುವಾದ ‘ಉಚಿತ ಉತ್ಪನ್ನ’ ಎಂದೀತು, ಆಮೇಲೆ ಜನ ಕೊಡ ಹಿಡಿದು ಪಾಳಿ ಹಚ್ಚಬೇಕಷ್ಟೇ. ಸಂಗತಿ ಸರಳ: ನೆಲದಡಿಯ ಟ್ಯಾಂಕಿನಿಂದ ಸೋರಿದ ಪೆಟ್ರೋಲು ಕೆಳಗಿಳಿದು ನೀರು ಮುಟ್ಟುತ್ತದೆ. ಲೀಟರಿಗೆ ಮುಕ್ಕಾಲು ಕೆಜಿಯ ಆಸುಪಾಸು ತೂಗುವುದರಿಂದ ಮುಳುಗದೆ ನೀರಿನ ಮೇಲೆ ನಿಲ್ಲುತ್ತದೆ. ಇದಕ್ಕೆ ‘ತೇಲೆಣ್ಣೆ’ ಸಾಕೆಂದು ನನ್ನ ಮತ.

ತೊಡಕಿರುವುದು ಪ್ಲೂಮಿನಲ್ಲಿ. ಪೆಟ್ರೋಲಿನ ಬೆಂಜೀನ್, ಟಾಲ್ವೀನ್‌ಗಳಂಥ ಅಂಶಗಳು ನೀರಿನಲ್ಲಿ ಕರಗುತ್ತವೆ, ಅಂತರ್ಜಲ ಹರಿಯುವ ದಿಕ್ಕಿಗೆ ಅವೂ ಸಾಗಿ ಉದ್ದಕ್ಕೆ ಹರಡಿಕೊಳ್ಳುತ್ತವೆ. ಹೀಗೆ ಹರಡಿದ ಕಲುಷಿತ ನೀರಿನ ಭಾಗವೇ ಪ್ಲೂಮ್. ಕಣ್ಣಿಗೆ ಏನೂ ಕಾಣದು. ತೇಲೆಣ್ಣೆ ಇಲ್ಲದ ಬಾವಿಯ ನೀರು ತಿಳಿಯಾಗಿ ಕಂಡರೂ ಅದರಲ್ಲಿ ಬೆಂಜೀನ್ ಇರಬಹುದು. ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿಗೆ ಹೇಳುವ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಮೂಗಿಗೆ ವಾಸನೆ ಬಡಿಯುವ ಹೊತ್ತಿಗೆ ಆ ಮಿತಿ ಎಂದೋ ದಾಟಿರುತ್ತದೆ. ಹಾಗಾಗಿ ಪತ್ರದಲ್ಲಿ ‘ತೇಲುವುದು’ ಮತ್ತು ‘ಕರಗಿದ್ದು’ ಬೇರೆಬೇರೆಯಾಗಿಯೇ ಕಾಣಬೇಕು. ಎರಡನ್ನೂ ‘ಎಣ್ಣೆ ಅಂಶ’ ಎಂದರೆ ಮೇಲಿನದನ್ನು ಬಗ್ಗಿಸಿ ಚೆಲ್ಲಿ ಕೆಳಗಿನದನ್ನು ಕುಡಿಯುವವರು ಇದ್ದೇ ಇರುತ್ತಾರೆ. ಪ್ಲೂಮಿಗೆ ‘ಗರಿ’ ಎನ್ನುವುದು ಹಕ್ಕಿಗೆ ಸರಿ, ನೀರಿಗಲ್ಲ. ‘ಕೊಳೆಹರವು’ ಎಂದು ಬರೆದಿಟ್ಟಿದ್ದೇನೆ. ಗೆಳತಿಯೊಬ್ಬಳು ‘ಸೆರಗು’ ಎಂದಳು: ಒಂದು ಕಡೆ ಹಿಡಿತ, ಇನ್ನೊಂದು ಕಡೆ ಹರಡಿಕೊಂಡ ತುದಿ. ಚಿತ್ರವೇನೋ ಚೆಂದ, ಆದರೆ ಬೆಂಜೀನಿಗೆ ಸೆರಗು ಹೊದಿಸಲು ನನಗೆ ಮನಸ್ಸಿಲ್ಲ.

ಜನ ಹೇಳಿದ್ದನ್ನು ತಿರುಗಿ ಇಂಗ್ಲಿಷ್ ವರದಿಗೆ ಒಯ್ಯುವಾಗಲೂ ಒಂದು ಗುಂಡಿ ಇದೆ. ನಮ್ಮಲ್ಲಿ ಪೆಟ್ರೋಲಿರಲಿ, ಡೀಸೆಲ್ಲಿರಲಿ, ‘ಬಾವ್ಯಾಗ ಚಿಮಣಿ ಎಣ್ಣಿ ನಾತ ಬರತೈತ್ರಿ’ ಅನ್ನುವವರು ಬಹಳ. ಅದನ್ನು ‘ಸೀಮೆಎಣ್ಣೆ ವಾಸನೆ’ ಎಂದು ವರದಿಗೆ ಇಳಿಸಿದರೆ ಪ್ರಯೋಗಾಲಯದವರು ಪಂಪಿನಲ್ಲಿ ಮಾರದೇ ಇದ್ದ ಇಂಧನದ ಬೆನ್ನು ಹತ್ತಿಯಾರು. ಹಗುರ ಪೆಟ್ರೋಲಿನಲ್ಲಿ ಬೆಂಜೀನ್ ಮುಖ್ಯ, ಡೀಸೆಲ್ಲಿನಲ್ಲಿ ಭಾರದ ಅಂಶಗಳೇ ಜಾಸ್ತಿ, ಎರಡರ ಪರೀಕ್ಷೆಯೂ ಒಂದೇ ಅಲ್ಲ. ಜನ ಆಡಿದ ಮಾತನ್ನು ಉದ್ಧರಣ ಚಿಹ್ನೆಯೊಳಗೆ ಹಾಗೇ ಉಳಿಸುವುದು ಲೇಸು.

ಉಳಿದದ್ದು ಸ್ಮಿಯರ್ ಝೋನ್, ನಿಜವಾಗಿ ನಾನು ಸಿಕ್ಕಿಬಿದ್ದಿರುವುದು ಇಲ್ಲಿ. ಬೇಸಿಗೆಯಲ್ಲಿ ನೀರು ಕೆಳಗಿಳಿದಾಗ ತೇಲೆಣ್ಣೆಯೂ ಇಳಿಯುತ್ತದೆ, ಮಳೆಗಾಲದಲ್ಲಿ ನೀರಿನ ಜೊತೆ ಮೇಲೇರುತ್ತದೆ. ಏರಿಳಿಯುವಾಗ ದಾರಿಯ ಮಣ್ಣಿಗೆಲ್ಲ ಮೆತ್ತಿಕೊಂಡು, ಅಲ್ಲೇ ಉಳಿದು, ಬೆಂಜೀನಿನಂಥ ಅಂಶಗಳನ್ನು ವರ್ಷಗಟ್ಟಲೆ ನೀರಿಗೆ ಬಿಟ್ಟುಕೊಡುತ್ತಿರುತ್ತದೆ. ಹೀಗೆ ಎಣ್ಣೆ ಮೆತ್ತಿದ ಮಣ್ಣಿನ ಪಟ್ಟಿಯೇ ಸ್ಮಿಯರ್ ಝೋನ್. ನಮ್ಮ ಎರಿ ಮಣ್ಣು ಬೇಸಿಗೆಯಲ್ಲಿ ಬಿರುಕು ಬಿಡುವಂಥದ್ದು, ಸೋರಿದ್ದು ಆ ಬಿರುಕುಗಳಲ್ಲಿ ಎತ್ತ ನುಸುಳಿತೆಂದು ಹೇಳುವುದೇ ಕಷ್ಟ. ಅಂತರ್ಜಲ ಪರೀಕ್ಷಿಸಲೆಂದೇ ಕೊರೆಯುವ ಬಾವಿಗಳಲ್ಲಿ, ನೀರು ಒಳಬರುವ ತೂತುಗಳಿರುವ ಜಾಲರಿ ಕೊಳವೆಯನ್ನು ನೀರಿನ ಮಟ್ಟದ ಮೇಲಕ್ಕೂ ಕೆಳಕ್ಕೂ ಚಾಚುವಂತೆ ಕೂರಿಸುವುದು ಈ ಏರಿಳಿತ ತಪ್ಪಿಹೋಗದಿರಲೆಂದೇ. ‘ಲೇಪವಲಯ’ ಎಂದರೆ ಮುಲಾಮು ಹಚ್ಚಿದಂತಾಗುತ್ತದೆ. ‘ಅಂಟುಪಟ್ಟಿ’ ಸ್ಟೇಷನರಿ ಅಂಗಡಿಯದ್ದು. ‘ಮೆತ್ತಿದ ಪದರ’ ಪರವಾಗಿಲ್ಲ, ಆದರೆ ಏರಿಳಿತದ ಅರ್ಥ ಅದರಲ್ಲಿ ಬರುವುದಿಲ್ಲ.

ಗದಗ, ಹಾವೇರಿ ಕಡೆಯವರಲ್ಲಿ ಒಂದು ಕೇಳಿಕೆ. ಬಾವಿಯ ನೀರು ಇಳಿದಾಗ ಒಳಗೋಡೆಯ ಮೇಲೆ ಹಳೆಯ ಮಟ್ಟದಿಂದ ಈಗಿನ ಮಟ್ಟದವರೆಗೆ ಹಸಿ ಕಲೆಯೊಂದು ಪಟ್ಟಿಯಂತೆ ಉಳಿಯುತ್ತದಲ್ಲ, ಅದಕ್ಕೆ ನಿಮ್ಮಲ್ಲಿ ಹೆಸರಿದೆಯೇ? ಬಾವಿ ತೋಡುವವರ, ಹೂಳೆತ್ತುವವರ ಬಾಯಲ್ಲಿ ಬರುವ ಪದವಾದರೆ ಇನ್ನೂ ಒಳ್ಳೆಯದು. ಸಿಕ್ಕರೆ ಅದರ ಮುಂದೆ ‘ಎಣ್ಣೆ’ ಸೇರಿಸಿ ಬಳಸುವೆ. ಪತ್ರ ಮುದ್ರಣಕ್ಕೆ ಹೋಗುವುದು ಮುಂದಿನ ವಾರ.