70 ದಾಟಿದವರ ರಕ್ತಸಂಚಾರ: ಊಟದಲ್ಲಿ ಮೊದಲು ಏನು ಬದಲಿಸಬೇಕು?

ಪ್ರಶ್ನೆ
ಅಪ್ಪನಿಗೆ 72, ಬಿಪಿ ಮಾತ್ರೆ ನಡೀತಿದೆ. ಬೀಟ್‌ರೂಟ್ ಜ್ಯೂಸ್, ಬೆಳ್ಳುಳ್ಳಿ ಮಾತ್ರೆ ರಕ್ತನಾಳಕ್ಕೆ ಒಳ್ಳೇದು ಅಂತಾರೆ, ನಿಜವಾ? ಊಟ ಮಾಡಿ ಎದ್ದರೆ ತಲೆ ಸುತ್ತುತ್ತೆ, ಅದಕ್ಕೇನು ಮಾಡೋದು? ತಿಳಿದವರು ದಯವಿಟ್ಟು ಹೇಳಿ.

ಉತ್ತರ 1
ಮೊದಲು ಉಪ್ಪು ನೋಡಿ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದೊಳಗೆ. ಬ್ರೆಡ್, ಬಿಸ್ಕತ್ತು, ಚೀಸ್, ಪ್ಯಾಕೆಟ್ ಸೂಪಿನ ಉಪ್ಪೂ ಈ ಲೆಕ್ಕದಲ್ಲೇ ಬರಬೇಕು. ಪ್ಯಾಕೆಟ್ ಮೇಲೆ ಸೋಡಿಯಂ ಎಂದಿದ್ದರೆ 2.5ರಿಂದ ಗುಣಿಸಿ: 400 ಮಿಲಿಗ್ರಾಂ ಸೋಡಿಯಂ ಅಂದರೆ 1 ಗ್ರಾಂ ಉಪ್ಪು. ಒಂದೇ ಸಲ ಇಳಿಸಿದರೆ ಊಟ ಸೇರದೆ ತೂಕ ಇಳಿಯುತ್ತೆ, ಈ ವಯಸ್ಸಲ್ಲಿ ಅದೂ ಅಪಾಯವೇ. ವಾರ ವಾರ ಸ್ವಲ್ಪ ಸ್ವಲ್ಪ ಕಡಿಮೆ ಮಾಡಿ, ನಿಂಬೆರಸ, ಕಾಳುಮೆಣಸು ಹಾಕಿ ರುಚಿ ಸರಿದೂಗಿಸಿ.

'ಕಡಿಮೆ ಸೋಡಿಯಂ ಉಪ್ಪು' ಮಾತ್ರ ಡಾಕ್ಟರನ್ನು ಕೇಳದೆ ತರಬೇಡಿ. ಅದರಲ್ಲಿ ಪೊಟ್ಯಾಸಿಯಂ ಇರುತ್ತೆ. ಕಿಡ್ನಿ ದುರ್ಬಲವಾಗಿದ್ದರೆ, ಅಥವಾ ರಾಮಿಪ್ರಿಲ್, ಟೆಲ್ಮಿಸಾರ್ಟನ್ ತರಹದ ಬಿಪಿ ಮಾತ್ರೆ ಇದ್ದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತವೇ ತಪ್ಪಬಹುದು.

ಉತ್ತರ 2
ಬೀಟ್‌ರೂಟ್ ವಿಷಯ ಸುಳ್ಳಲ್ಲ. ಅದರಲ್ಲೂ ಸೊಪ್ಪಿನಲ್ಲೂ ಇರುವ ನೈಟ್ರೇಟನ್ನು ಬಾಯಲ್ಲಿರುವ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತವೆ. ಮೈಯೊಳಗೆ ಅದು ನೈಟ್ರಿಕ್ ಆಕ್ಸೈಡ್ ಆಗಿ ರಕ್ತನಾಳ ಸಡಿಲವಾಗುತ್ತೆ. ಬೇಯಿಸಿದ ನೀರು ಚೆಲ್ಲಿದರೆ ನೈಟ್ರೇಟ್ ಅದರ ಜೊತೆಗೇ ಹೋಗುತ್ತೆ. ಕ್ರಿಮಿನಾಶಕ ಮೌತ್‌ವಾಶ್ ದಿನಾ ಬಳಸಿದರೆ ಆ ಬ್ಯಾಕ್ಟೀರಿಯಾವೇ ಸಾಯುತ್ತವೆ. ಹಾಗಂತ ಜ್ಯೂಸೇ ಬೇಕಿಲ್ಲ, ದಿನಾ ಸೊಪ್ಪು ತಿಂದರೆ ಸಾಕು. ಓಟ್ಸ್ ಕೂಡ ಸೇರಿಸಿ: ಸುಮಾರು 75 ಗ್ರಾಂನಲ್ಲಿ ಸಿಗುವ 3 ಗ್ರಾಂ ಬೀಟಾ-ಗ್ಲೂಕನ್ ಎಂಬ ನಾರು ಕೆಟ್ಟ ಕೊಲೆಸ್ಟ್ರಾಲ್ ಇಳಿಸುತ್ತೆ.

ಉತ್ತರ 3
ತಲೆಸುತ್ತಿನ ಬಗ್ಗೆ. ಊಟವಾದ ಮೇಲೆ ರಕ್ತ ಕರುಳಿನ ಕಡೆ ಹರಿಯುತ್ತೆ. ವಯಸ್ಸಾದಾಗ ಉಳಿದ ನಾಳಗಳು ಅದಕ್ಕೆ ತಕ್ಕಂತೆ ಬಿಗಿಯಾಗೋದಿಲ್ಲ, ಬಿಪಿ ಕುಸಿಯುತ್ತೆ. ಊಟಕ್ಕೆ ಮುಂಚೆ ಒಮ್ಮೆ, ಒಂದು ಗಂಟೆ ಬಿಟ್ಟು ಇನ್ನೊಮ್ಮೆ ಬಿಪಿ ನೋಡಿ ಬರೆದಿಡಿ. ಮೇಲಿನ ಸಂಖ್ಯೆ 20 ಅಥವಾ ಅದಕ್ಕಿಂತ ಹೆಚ್ಚು ಇಳಿದಿದ್ದರೆ ಡಾಕ್ಟರಿಗೆ ತೋರಿಸಿ, ಮಾತ್ರೆಯ ಹೊತ್ತು ಬದಲಿಸಬೇಕಾಗಬಹುದು. ನೀವಾಗಿ ನಿಲ್ಲಿಸಬೇಡಿ. ಮೂರು ದೊಡ್ಡ ಊಟದ ಬದಲು ಐದಾರು ಸಣ್ಣ ಊಟ ಕೊಡಿ, ಪ್ರತಿ ಸಲ ಪಿಷ್ಟ, ಸಿಹಿ ಕಡಿಮೆ ಇರಲಿ. ನೀರಿಗೆ ಮಿತಿ ಹೇಳಿಲ್ಲದಿದ್ದರೆ ಊಟಕ್ಕೆ ಮುಂಚೆ ಒಂದು ದೊಡ್ಡ ಲೋಟ ನೀರು ಕುಡಿಯಲಿ.

ಪ್ರಶ್ನೆ ಕೇಳಿದವರು
ತುಂಬಾ ಉಪಕಾರ. ಅಮ್ಮ ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ತಗೋತಾರೆ. ಅವರು ಸೊಪ್ಪು ಬಿಡಬೇಕಾ?

ಉತ್ತರ 1
ಬಿಡೋದು ಬೇಡ, ವಾರದಿಂದ ವಾರಕ್ಕೆ ಪ್ರಮಾಣ ಒಂದೇ ಇರಲಿ. ಸೊಪ್ಪಿನ ವಿಟಮಿನ್ ಕೆ ವಾರ್ಫರಿನ್‌ಗೆ ವಿರುದ್ಧ ಕೆಲಸ ಮಾಡುತ್ತೆ. ದಿಢೀರ್ ನಿಲ್ಲಿಸಿದರೆ ರಕ್ತಸ್ರಾವದ ಭಯ, ದಿಢೀರ್ ಹೆಚ್ಚಿಸಿದರೆ ರಕ್ತ ಹೆಪ್ಪುಗಟ್ಟುವ ಭಯ. ಅಡುಗೆಯ ಬೆಳ್ಳುಳ್ಳಿ ಪರವಾಗಿಲ್ಲ, ಬೆಳ್ಳುಳ್ಳಿ ಮಾತ್ರೆ ಅಮ್ಮನಿಗೆ ಖಂಡಿತ ಬೇಡ.