ಸಹಾಯ ಬೇಕ್ರಿ: ಗಾಡಿ ಮಾರಿಗೆ ಕಲ್ಲಿನ ಏಟು

ನಮಸ್ಕಾರ ರೀ ಎಲ್ಲಾರಿಗೂ. ಹಳೇ ಟೆಂಪೋ ಟ್ರಾವೆಲರ್‌ನಾಗ ಮಲಗಾಕ, ಅಡಗಿ ಮಾಡಾಕ ವ್ಯವಸ್ಥಾ ಮಾಡಿಸಿಕೊಂಡು ಮನಿಮಂದಿ ಎಲ್ಲಾ ತಿರುಗಾಡತೀವಿ. ಹೋದ ವಾರ ಹುಬ್ಬಳ್ಳಿಯಿಂದ ಗದಗಕ್ಕ ಹೊಂಟಾಗ, ಅಣ್ಣಿಗೇರಿ ದಾಟಿದ ಮ್ಯಾಲೆ ಮುಂದಿನ ಟಿಪ್ಪರ್‌ನಿಂದ ಜಲ್ಲಿಕಲ್ಲು ಸಿಡಿದು ಗ್ಲಾಸಿಗೆ ಟಪ್ಪಂತ ಬಡೀತು. ಶೇಂಗಾಕಾಳಿನಷ್ಟು ಚುಕ್ಕಿ, ಅಲ್ಲಿಂದ ಗೇಣುದ್ದ ಬಿರುಕು. ನಡುವ ಪ್ಲಾಸ್ಟಿಕ್ ಪದರ ಇರೋ ಲ್ಯಾಮಿನೇಟೆಡ್ ಗ್ಲಾಸ್ ಇದ್ದದ್ದಕ್ಕ ಚೂರು ಮೈಮ್ಯಾಲೆ ಬೀಳಲಿಲ್ಲ, ಪುಣ್ಯಾ! ಬಾನೆಟ್ ಬಣ್ಣಾನೂ ಅಲ್ಲಲ್ಲಿ ಕಿತ್ತೈತಿ.

ಬಂಪರ್ ಮುಂದ ಕಬ್ಬಿಣದ ಗಾರ್ಡ್ ಹಾಕಸು ಅಂತಾರ ಕೆಲವರು. 2017ರಾಗ ಕೇಂದ್ರ ಸರ್ಕಾರ ಅದನ್ನ ಬ್ಯಾಡ ಅಂದೈತಿ, ನನಗೂ ಮನಸ್ಸಿಲ್ಲ. ರೇಡಿಯೇಟರ್ ಮುಂದ ಜಾಳಿಗಿ ಕಟ್ಟಿದರ ಗಾಳಿ ಕಮ್ಮಿಯಾಗಿ ಇಂಜಿನ್ ಕಾಯ್ತೈತೇನು? ಎಷ್ಟು ಸಣ್ಣ ಕಣ್ಣಿಂದು ಹಾಕಸಬೇಕು? ಬಾನೆಟ್ಟಿಗೆ ಪಿಪಿಎಫ್ ಫಿಲ್ಮ್ (ಬಣ್ಣ ಕಾಪಾಡಾಕ ಅಂಟಿಸೋ ಪ್ಲಾಸ್ಟಿಕ್ ಹಾಳಿ) ಚಲೋನೋ, ರೆಕ್ಸಿನ್ ಕವರ್ ಸಾಕೋ? ರೆಕ್ಸಿನ್ ಒಳಗ ಧೂಳು ಸೇರಿ ಬಣ್ಣಾನ ಉಜ್ಜಿ ತಗೀತೈತಿ ಅಂತ ನನ್ನ ಗುಮಾನಿ.

ಹುಬ್ಬಳ್ಳಿ-ಧಾರವಾಡದಾಗ ಯಾರರೆ ಮಾಡಿಸಿದ್ದರ ಖರ್ಚು ಎಷ್ಟಾತು ಹೇಳ್ರಿ.